ಸೂಪರ್‌ವೈಸರ್ ಕೆಆರ್‌ಎಯಲ್ಲಿ ನೀರು, ಗಾಳಿ, ಎಣ್ಣೆ: ಕೋಲಾರದ ಕಾರ್ಖಾನೆಗಳ ಎಚ್‌ಆರ್ ವಿಭಾಗಕ್ಕೊಂದು ಕೈಪಿಡಿ

ಪರಿಸರ ದಿನವೆಂದು ಜೂನ್ 5ರಂದು ಗೇಟಿನ ಬಳಿ ಸಸಿ ನೆಟ್ಟರೆ ಶಾಪ್‌ಫ್ಲೋರ್‌ನಲ್ಲಿ ಏನೂ ಬದಲಾಗುವುದಿಲ್ಲ. ನರಸಾಪುರವಿರಲಿ, ವೇಮಗಲ್ ಇರಲಿ, ಮಾಲೂರಿರಲಿ, ನೀರು, ಕರೆಂಟು, ಎಣ್ಣೆ ಪೋಲಾಗುವುದು ಮೆಷಿನ್ ಪಕ್ಕದಲ್ಲೇ. ಅದನ್ನು ತಡೆಯಬಲ್ಲವರು ಶಿಫ್ಟ್ ಸೂಪರ್‌ವೈಸರ್. ಅವರ ಕೆಆರ್‌ಎಯಲ್ಲಿ, ಅಂದರೆ ವರ್ಷದ ಕೆಲಸ ಅಳೆದು ಅಂಕ ಕೊಡುವ ಗುರಿಪಟ್ಟಿಯಲ್ಲಿ, ಉತ್ಪಾದನೆಯೊಂದೇ ಇದ್ದರೆ ಸೋರುವ ಪೈಪಿಗಾಗಿ ಅವರು ಲೈನ್ ನಿಲ್ಲಿಸುವುದಿಲ್ಲ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತಂದು ಕೆರೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಇಲ್ಲಿಗೆ ಬಂದದ್ದೇ ಅಂತರ್ಜಲ ಅಷ್ಟು ಕುಸಿದಿದ್ದರಿಂದ. ಇಂಥಲ್ಲಿ ನೆಲ ತೊಳೆಯಲು ಬೋರ್‌ವೆಲ್ ಪೈಪು ತೆರೆದಿಟ್ಟು ಹೋಗುವುದು ಸಣ್ಣ ತಪ್ಪಲ್ಲ.

ಮೊದಲು ನಾಲ್ಕು ವಾರ ಅಳೆಯಿರಿ, ಯಾರಿಗೂ ಗುರಿ ಕೊಡಬೇಡಿ. ಒಟ್ಟು ಯೂನಿಟ್ ಬರೆದಿಟ್ಟು ಪ್ರಯೋಜನವಿಲ್ಲ. ಆರ್ಡರ್ ಕಡಿಮೆಯಾದ ತಿಂಗಳು ಅದು ತಾನಾಗಿಯೇ ಇಳಿಯುತ್ತದೆ. ನೂರು ಪೀಸಿಗೆ ಎಷ್ಟು ಯೂನಿಟ್, ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ. ಶಿಫ್ಟ್ ಬದಲಾಗುವಾಗ ಇಬ್ಬರೂ ಸೂಪರ್‌ವೈಸರ್‌ಗಳು ಮೀಟರ್ ನೋಡಿ ಒಂದೇ ಪುಸ್ತಕದಲ್ಲಿ ಸಹಿ ಹಾಕಲಿ. ಇಲ್ಲದಿದ್ದರೆ ತಪ್ಪೆಲ್ಲ ರಾತ್ರಿ ಶಿಫ್ಟ್‌ನವರ ತಲೆಗೆ ಬರುತ್ತದೆ. ಸೋರುವ ನಲ್ಲಿಯ ಕೆಳಗೆ 10 ನಿಮಿಷ ಬಾಟಲಿ ಇಡಿ: 100 ಮಿ.ಲೀ. ತುಂಬಿದರೆ ದಿನಕ್ಕೆ 14.4 ಲೀಟರ್ ಪೋಲು.

ತುಂಬಾ ಹಣ ಪೋಲಾಗುವುದು ಕಂಪ್ರೆಸರ್ ಗಾಳಿಯ ಸೋರಿಕೆಯಲ್ಲಿ. ಸದ್ದು ಬಿಟ್ಟರೆ ಬೇರೇನೂ ಗೊತ್ತಾಗದ ಕಾರಣ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಸುಮಾರು 7 ಬಾರ್ ಒತ್ತಡದ ಲೈನಿನಲ್ಲಿ 3 ಮಿ.ಮೀ. ತೂತು 3 ಕಿಲೋವ್ಯಾಟ್ ಆಸುಪಾಸು ತಿನ್ನುತ್ತದೆ, ಅಂದರೆ ದಿನಕ್ಕೆ 70 ಯೂನಿಟ್‌ಗೂ ಹೆಚ್ಚು. ರಜಾದಿನ ಮೆಷಿನ್‌ಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಮಾತ್ರ ಓಡಿಸಿ, ಲೋಡ್ (ಗಾಳಿ ತುಂಬುವ) ಮತ್ತು ಅನ್‌ಲೋಡ್ (ತುಂಬದೆ ಸುಮ್ಮನೆ ಓಡುವ) ಸಮಯ ಬರೆಯಿರಿ. 2 ನಿಮಿಷ ಲೋಡ್, 8 ನಿಮಿಷ ಅನ್‌ಲೋಡ್ ಆದರೆ ಸೋರಿಕೆ ಕಂಪ್ರೆಸರ್ ಸಾಮರ್ಥ್ಯದ ಶೇ. 20. ಈ ಪರೀಕ್ಷೆಗೆ ಮೇಂಟೆನೆನ್ಸ್‌ನವರ ಜೊತೆ ಆಯಾ ಲೈನಿನ ಆಪರೇಟರ್‌ಗಳನ್ನೂ ಕರೆಯಿರಿ, ಓವರ್‌ಟೈಮ್ ಕೊಟ್ಟು. ತಮ್ಮ ಮೆಷಿನ್ನಿನ ಹೋಸ್ ಬುಸುಗುಡುವುದನ್ನು ನಿಶ್ಶಬ್ದದಲ್ಲಿ ಕೇಳಿಸಿಕೊಂಡವರಿಗೆ ಪೋಸ್ಟರ್ ಬೇಕಾಗುವುದಿಲ್ಲ.

ಆಮೇಲೆ ಕೆಆರ್‌ಎ. ನೂರರಲ್ಲಿ 15 ಅಂಕ ಪೋಲು ತಡೆಯುವುದಕ್ಕಿಡಿ. ಐದೇ ಇಟ್ಟರೆ ಬಿಟ್ಟರೂ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಸೂಪರ್‌ವೈಸರ್ ಕೈಯಲ್ಲಿರುವುದಕ್ಕೆ ಮಾತ್ರ ಅಂಕ ಕೊಡಿ. ಹಳೆಯ ಮೋಟರ್ ಬದಲಿಸದಿದ್ದದ್ದು ಮ್ಯಾನೇಜ್‌ಮೆಂಟಿನ ತೀರ್ಮಾನ, ಅದಕ್ಕೆ ಸೂಪರ್‌ವೈಸರ್ ಅಂಕ ಕಡಿಯುವುದು ಅನ್ಯಾಯ.

ದೋಷ ತಿಳಿಸಲು ಎರಡು ತುಂಡಿನ ಟ್ಯಾಗ್ ಸಾಕು: ಒಂದು ಸೋರುವ ಜಾಗದಲ್ಲಿ, ಇನ್ನೊಂದು ಮೇಂಟೆನೆನ್ಸ್ ಬೋರ್ಡಿನಲ್ಲಿ. 48 ಗಂಟೆಯಲ್ಲಿ ರಿಪೇರಿಯಾಗಬೇಕು, ಆಗದಿದ್ದರೆ ಕಾರಣ ಬರೆದಿರಬೇಕು. ಟ್ಯಾಗ್ ಹಾಗೇ ನೇತಾಡುತ್ತಿದ್ದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ದಂಡವಂತೂ ಬೇಡವೇ ಬೇಡ. ದಂಡ ಹಾಕಿದ ಕಡೆ ಚೆಲ್ಲಿದ ಕೂಲಂಟ್ (ಮೆಷಿನ್ ತಂಪಿಡುವ ದ್ರವ) ಚರಂಡಿಗೆ ಹೋಗುತ್ತದೆ, ರಿಜಿಸ್ಟರಿಗೆ ಬರುವುದಿಲ್ಲ.

ತರಬೇತಿಯಲ್ಲಿ ಬಿಟ್ಟುಹೋಗುವವರು ಗುತ್ತಿಗೆ ಕಾರ್ಮಿಕರು. ಆದರೆ ಎಣ್ಣೆ ಒರೆಸುವವರೂ ಡ್ರಮ್ ಸಾಗಿಸುವವರೂ ಅವರೇ. ಗುತ್ತಿಗೆ ಕರಾರಿನಲ್ಲೇ ಇಂಡಕ್ಷನ್ (ಕೆಲಸಕ್ಕೆ ಸೇರುವಾಗಿನ ತರಬೇತಿ) ಕಡ್ಡಾಯ ಎಂದು ಬರೆಸಿ, ಆ ಹೊತ್ತಿಗೂ ಕೂಲಿ ಕೊಡಿ. ಹಾಲ್‌ನಲ್ಲಿ ಸ್ಲೈಡ್ ತೋರಿಸುವ ಬದಲು ಮೆಷಿನ್ ಪಕ್ಕ 20 ನಿಮಿಷ, ಕನ್ನಡ, ತೆಲುಗು, ಹಿಂದಿಯಲ್ಲಿ. ಎಣ್ಣೆ ಹತ್ತಿದ ಕಾಟನ್ ವೇಸ್ಟ್ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ; 90 ದಿನಕ್ಕಿಂತ ಹೆಚ್ಚು ಕೂಡಿಡುವಂತಿಲ್ಲ, ಬಯಲಲ್ಲಿ ಸುಡುವಂತೆಯೂ ಇಲ್ಲ. ಅದನ್ನು ಹಾಕುವ ಡ್ರಮ್ ದೂರವಿದ್ದರೆ ವೇಸ್ಟ್ ಹತ್ತಿರದ ಕಸದ ಬುಟ್ಟಿಗೇ ಬೀಳುತ್ತದೆ, ಎಷ್ಟು ತರಬೇತಿ ಕೊಟ್ಟರೂ. ಡ್ರಮ್ ಹತ್ತಿರ ತನ್ನಿ.

ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವಲ್ಲಿ, ಬಿಟ್ಟ ಊಟ ತೂಗಲು, ತಕ್ಕಡಿ ಇಡಿ, ಅರ್ಧ ಮುದ್ದೆ ಕೇಳಿದವರಿಗೆ ಅರ್ಧವೇ ಬಡಿಸಿ. ಕಚೇರಿಯಲ್ಲಿ ಎಸಿ 24 ಡಿಗ್ರಿಗಿಂತ ಇಳಿಯದಿರಲಿ, ಎಂ.ಡಿ. ಕೋಣೆಯಲ್ಲೂ.

ಉಳಿತಾಯದ ಪಾಲನ್ನು ಇಡೀ ಲೈನಿಗೆ ಹಂಚಿ. ಒಬ್ಬರಿಗೇ ಬಹುಮಾನ ಕೊಟ್ಟರೆ ಪಕ್ಕದವರು ಸೋರಿಕೆ ಕಂಡೂ ಸುಮ್ಮನಿರುತ್ತಾರೆ. ಸೋರಿಕೆ ರಿಪೇರಿಗೆ ಲೈನ್ ನಿಲ್ಲಿಸಿದ ನಿಮಿಷಗಳನ್ನು ಪ್ರೊಡಕ್ಷನ್ ಇನ್ಸೆಂಟಿವ್ ಲೆಕ್ಕದಿಂದ ಕೈಬಿಡಬೇಕು. ಇಲ್ಲವಾದರೆ ಸಂಬಳದ ಸ್ಲಿಪ್ ಒಂದು ಹೇಳುತ್ತದೆ, ಕೆಆರ್‌ಎ ಇನ್ನೊಂದು. ಕಾರ್ಮಿಕರು ನಂಬುವುದು ಸ್ಲಿಪ್ಪನ್ನೇ. ಈ ನಿಯಮಕ್ಕೆ ಅಕೌಂಟ್ಸ್ ವಿಭಾಗದ ಸಹಿ ಮೊದಲೇ ಹಾಕಿಸಿಕೊಳ್ಳಿ.