ಕಂಪ್ರೆಸರ್ ಬಿಚ್ಚುವ ಮೊದಲು ಸೋಪು ನೀರು

ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಮಂಗಳೂರಿನ ನಮ್ಮ ಗ್ಯಾರೇಜಿಗೆ ಏರ್ ಸಸ್ಪೆನ್ಶನ್ ಇರುವ, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಎಸ್‌ಯುವಿ ಬಂತು. ರಾತ್ರಿ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹಿಂದಿನ ಎಡಮೂಲೆಗೆ ಕುಸಿದಿರುತ್ತದೆ ಎಂದರು ಮಾಲೀಕರು. ಆ ಚೀಲಗಳಿಗೆ ಗಾಳಿ ತುಂಬುವ ಕಂಪ್ರೆಸರನ್ನು ಬೇರೆ ಕಡೆ ಹೊಸದಾಗಿ ಹಾಕಿಸಿ ಐದು ತಿಂಗಳಾಗಿತ್ತು, ಅದೂ ಈಗ ತಿಣುಕುತ್ತಿತ್ತು.

ನಾನು ಕಂಪ್ರೆಸರ್ ಮುಟ್ಟಲಿಲ್ಲ. ಗಾಡಿಯನ್ನು ಪೂರ್ತಿ ಎತ್ತರಕ್ಕೆ ಏರಿಸಿ, ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಟ್ಟೆ. ಮರುದಿನ ಹಿಂದಿನ ಎಡಗಡೆ 38 ಮಿಲಿಮೀಟರ್ ಇಳಿದಿತ್ತು. ಮತ್ತೆ ಏರಿಸಿ, ಸ್ಟ್ಯಾಂಡ್ ಕೊಟ್ಟು, ಆ ಮೂಲೆಯ ಗಾಳಿಚೀಲಕ್ಕೆ, ಅಂದರೆ ಏರ್ ಬೆಲೋಗೆ, ಸೋಪು ನೀರು ಹೊಡೆದೆ. ಸಾಮಾನ್ಯ ಎತ್ತರದಲ್ಲಿ ರಬ್ಬರಿನ ಮಡಿಕೆ ಒಳಗೇ ಅಡಗಿರುತ್ತದೆ, ಏರಿಸಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಆ ಮಡಿಕೆಯ ಸೀಳಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದವು.

ಕಂಪ್ರೆಸರ್ ಸಾಯುವುದು ಇದರಿಂದಲೇ. ಸೋರಿದಷ್ಟೂ ಅದು ತುಂಬುತ್ತಲೇ ಇರಬೇಕು, ಕಾದು ಸೊರಗುತ್ತದೆ. ಜೊತೆಗೆ ಗಾಳಿಯ ತೇವ ಹೀರುವ ಡ್ರೈಯರ್ ಕೂಡ ಕೆಡುತ್ತದೆ. ಗಾಡಿ ತಗ್ಗುವಾಗ ಒಣ ಗಾಳಿ ಡ್ರೈಯರ್ ಮೂಲಕವೇ ಹೊರಹೋಗಿ ಅದರೊಳಗಿನ ಸಿಲಿಕಾ ಕಾಳುಗಳ ತೇವವನ್ನು ಒಯ್ಯುತ್ತದೆ. ಬೆಲೋದಿಂದಲೇ ಗಾಳಿ ಸೋರಿಹೋದರೆ ಕಾಳು ಒಣಗುವುದೆಲ್ಲಿಂದ? ನಮ್ಮ ಕರಾವಳಿಯ ತೇವಕ್ಕಂತೂ ಬೇಗ ನೆನೆಯುತ್ತದೆ. ಈ ಗಾಡಿಯ ಡ್ರೈಯರ್ ಬಿಚ್ಚಿದಾಗ ಕಾಳು ಮುದ್ದೆಯಾಗಿ, ಅರ್ಧ ಹಿಟ್ಟಾಗಿತ್ತು. ಆ ಹಿಟ್ಟು, ಬೆಲೋಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕಿಗೆ ಹೋದರೆ ಖರ್ಚು ಇನ್ನೊಂದು ಮೆಟ್ಟಿಲು ಏರುತ್ತದೆ.

ಬಿಚ್ಚುವ ಮುನ್ನ, ಗಾಡಿ ತಾನಾಗಿ ಎತ್ತರ ಬದಲಿಸದಂತೆ ಜಾಕ್ ಮೋಡ್ ಹಾಕಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಿಂದ ಬೆಲೋ ಗಾಳಿ ಇಳಿಸಿದೆ. ಟಯರಿನಲ್ಲಿ 2.5 ಬಾರ್ ಆಸುಪಾಸು, ಏರ್ ಸಸ್ಪೆನ್ಶನ್ನಿನಲ್ಲಿ ಗಾಳಿಯ ಒತ್ತಡ ಕೆಲವು ಗಾಡಿಗಳಲ್ಲಿ 15 ಬಾರ್ ದಾಟುತ್ತದೆ. ಸ್ಟ್ಯಾಂಡ್ ಕೊಡದೆ ಗಾಳಿಯನ್ನು ನಂಬಿ ಗಾಡಿಯ ಕೆಳಗೆ ಹೋಗುವ ಹುಡುಗರನ್ನು ನಾನು ಗದರಿಯೇ ಗದರುತ್ತೇನೆ. ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದೆ. ವಯಸ್ಸು ಒಂದೇ ಆದ್ದರಿಂದ ಬಲಗಡೆಯ ಬೆಲೋವನ್ನೂ ಬದಲಿಸಿದೆವು. ಖಾಲಿ ಬೆಲೋ ಮೇಲೆ ಗಾಡಿಯ ಭಾರ ಬಿದ್ದರೆ ಹೊಸ ರಬ್ಬರು ಅಲ್ಲೇ ಚಿವುಟಿಕೊಳ್ಳುತ್ತದೆ. ಹಾಗಾಗಿ ಗಾಳಿ ತುಂಬಿಸಿದ ಮೇಲೆಯೇ ಚಕ್ರ ನೆಲಕ್ಕಿಳಿಸಿದೆ. ಡ್ರೈಯರ್, ಕಂಪ್ರೆಸರಿಗೆ ವಿದ್ಯುತ್ ಕೊಡುವ ರಿಲೇ ಹೊಸದು. ಕಂಪ್ರೆಸರ್ ಅದೇ ಉಳಿಯಿತು. ಕೊನೆಗೆ ಸ್ಕ್ಯಾನರಿನಲ್ಲಿ ಗಾಡಿಯ ಎತ್ತರ ಅಳೆಯುವ ಹೈಟ್ ಸೆನ್ಸರ್ ಹೊಂದಿಸಿದೆ.

ಎರಡು ರಾತ್ರಿ ಗ್ಯಾರೇಜಿನಲ್ಲೇ ನಿಲ್ಲಿಸಿ, ಎರಡೂ ಬೆಳಿಗ್ಗೆ ಟೇಪು ಹಿಡಿದೆ. ನಾಲ್ಕೂ ಮೂಲೆ ಬರೆದಿಟ್ಟ ಅಳತೆಯಲ್ಲೇ ಇದ್ದವು. ಆಮೇಲೆಯೇ ಕೀಲಿ ಕೊಟ್ಟೆ.