ನೋವಿಗೊಂದು ಪುಟ, ತಲೆಸುತ್ತಿಗೊಂದು ಪುಟ

ನಾನು ಕನ್ನಡ ಮೀಡಿಯಂನಲ್ಲಿ ಓದಿ ನರ್ಸಿಂಗ್ ಸೇರಿದವಳು. ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದ ಮೇಲೂ ನನ್ನ ಇಂಗ್ಲಿಷ್‌ನಲ್ಲಿ ನೋವಿಗೆ ಇದ್ದದ್ದು ಒಂದೇ ಪದ, ಪೇನ್. ಜಾಸ್ತಿ ಇದ್ದರೆ ಸಿವಿಯರ್ ಪೇನ್, ಕಡಿಮೆ ಇದ್ದರೆ ಮೈಲ್ಡ್ ಪೇನ್. ಕೇಸ್ ಶೀಟಿಗೆ ಅಷ್ಟು ಸಾಕಾಗುತ್ತಿತ್ತು. ಇಂಗ್ಲೆಂಡಿಗೆ ಹೋಗೋಣ ಅಂತ ಒಇಟಿಗೆ, ಅಂದರೆ ನರ್ಸ್, ಡಾಕ್ಟರ್ ಥರದವರಿಗೆ ನಡೆಸುವ ಇಂಗ್ಲಿಷ್ ಪರೀಕ್ಷೆಗೆ, ಓದಲು ಕೂತಾಗ ಸಾಲಲಿಲ್ಲ. ಅದರಲ್ಲಿ ಬಿ ಗ್ರೇಡ್ ಅಂದರೆ 500ಕ್ಕೆ ಕನಿಷ್ಠ 350 ಅಂಕ. ಮಾತಾಡುವ ಭಾಗದಲ್ಲಿ ಸುಮಾರು ಐದೈದು ನಿಮಿಷದ ಎರಡು ರೋಲ್‌ಪ್ಲೇ ಇರುತ್ತವೆ. ಎದುರಿಗಿರುವವರು ರೋಗಿಯಾಗಿ ಇಲ್ಲವೇ ರೋಗಿಯ ಕಡೆಯವರಾಗಿ ಮಾತಾಡುತ್ತಾರೆ, ನಾವು ನರ್ಸ್ ಆಗಿ ಉತ್ತರ ಕೊಡಬೇಕು.

ಪದ ಕಲಿಯೋಕೆ ಎ ಇಂದ ಝಡ್‌ವರೆಗಿನ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನನಗೆ ಅವು ಹಿಡಿಸಲಿಲ್ಲ. ಅಕ್ಷರ ಒಂದೇ ಅನ್ನೋದು ಬಿಟ್ಟರೆ ಪಕ್ಕಪಕ್ಕದ ಪದಗಳಿಗೆ ಯಾವ ಸಂಬಂಧವೂ ಇರುವುದಿಲ್ಲ. ಆದರೆ ನಮ್ಮ ಕೆಲಸದಲ್ಲೇ ಒಂದು ಒಳ್ಳೆ ಪಟ್ಟಿ ಇದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿ. ನೋವನ್ನು ಹೇಳುವ 78 ಪದಗಳು, 20 ಗುಂಪುಗಳಲ್ಲಿ. ಒಂದೊಂದು ಗುಂಪಿನೊಳಗೂ ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿದ್ದಾರೆ. ಹಾಟ್, ಬರ್ನಿಂಗ್, ಸ್ಕಾಲ್ಡಿಂಗ್, ಸಿಯರಿಂಗ್ ಒಂದು ಗುಂಪು. ಪಿಂಚಿಂಗ್, ಪ್ರೆಸ್ಸಿಂಗ್, ನಾಯಿಂಗ್, ಕ್ರ್ಯಾಂಪಿಂಗ್, ಕ್ರಶಿಂಗ್ ಇನ್ನೊಂದು. ರೋಗಿಗೆ ಎಂಥ ನೋವು ಅಂತ ತಿಳಿಯೋಕೆ ಮಾಡಿದ್ದನ್ನು ನಾನು ಇಂಗ್ಲಿಷ್ ಕಲಿಯೋಕೆ ಬಳಸಿಕೊಂಡೆ.

ಹಾಗಂತ ಒಂದು ಗುಂಪನ್ನು ಒಂದೇ ದಿನ ಉರು ಹೊಡೆಯಲಿಲ್ಲ. ಹತ್ತಿರದ ಅರ್ಥದ ಹೊಸ ಪದಗಳನ್ನೆಲ್ಲ ಒಟ್ಟಿಗೇ ಕಲಿಯಲು ಹೋದರೆ ಒಂದಕ್ಕೊಂದು ಕಲಸಿಹೋಗುತ್ತವೆ. 1993ರಲ್ಲೇ ಥಾಮಸ್ ಟಿಂಕಮ್ ಎಂಬ ಸಂಶೋಧಕ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಸಂಬಂಧವಿಲ್ಲದ ಪದಗಳಿಗಿಂತ ಒಂದೇ ಜಾತಿಯ ಪದಗಳನ್ನು ಕಲಿಯೋಕೆ ಜನ ಹೆಚ್ಚು ಹೊತ್ತು ತೆಗೆದುಕೊಂಡರಂತೆ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಪುಟದ ಮೇಲೆ ಮೊದಲೇ ಗೊತ್ತಿದ್ದ ಪದ ಬರುತ್ತಿತ್ತು. ಅದರ ಕೆಳಗೆ ಒಂದು ಹೊಸ ಪದ. ಅದು ಬಾಯಲ್ಲಿ ಸಲೀಸಾಗಿ ಬಂದ ಮೇಲೆ ಇನ್ನೊಂದು.

ಪಕ್ಕದಲ್ಲಿ ಡಿಕ್ಷನರಿ ಅರ್ಥ ಬರೆಯಲಿಲ್ಲ. ನಮ್ಮ ವಾರ್ಡಿನಲ್ಲಿ ಕೇಳಿದ ಮಾತನ್ನೇ ಬರೆದೆ. ಥ್ರಾಬಿಂಗ್ ಪಕ್ಕದಲ್ಲಿ, ‘ತಲೆ ಧಡ್ ಧಡ್ ಅಂತ ಹೊಡ್ಕೋತಿದೆ ಸಿಸ್ಟರ್.’ ಕ್ರ್ಯಾಂಪಿಂಗ್ ಪಕ್ಕದಲ್ಲಿ, ‘ಹೊಟ್ಟೆ ಹಿಂಡಿದ ಹಾಗಾಗುತ್ತೆ, ಒಂದು ಗಳಿಗೆ ಬಿಡುತ್ತೆ, ಮತ್ತೆ ಬರುತ್ತೆ.’ ಶೂಟಿಂಗ್‌ಗೆ, ‘ಸೊಂಟದಿಂದ ಪಾದದ ತನಕ ಚಳ್ ಅಂತ ಎಳೆಯುತ್ತಮ್ಮ.’ ಕ್ರಶಿಂಗ್‌ಗೆ, ‘ಎದೆ ಮೇಲೆ ಕಲ್ಲು ಹೇರಿದ ಹಾಗಿದೆ.’ ಈ ಕೊನೆಯ ಮಾತು ಕೇಳಿದರೆ ಯಾವ ನರ್ಸ್ ಆದರೂ ಮೊದಲು ಇಸಿಜಿ ಮೆಷಿನ್ ಕಡೆ ಓಡುತ್ತಾಳೆ. ಆಮೇಲೆ ಆ ಪದವನ್ನು ಮರೆಯೋಕೆ ಆಗುತ್ತಾ?

ಎಲ್ಲದಕ್ಕಿಂತ ಉಪಯೋಗಕ್ಕೆ ಬಂದದ್ದು ತಲೆಸುತ್ತಿನ ಪುಟ. ನಮ್ಮಲ್ಲಿ ಎಲ್ಲದಕ್ಕೂ ಗಿಡ್ಡಿನೆಸ್ ಅಂತ ಬರೆದು ಮುಗಿಸುತ್ತಿದ್ದೆವು. ಈಗ ನಾನಿರುವ ಇಂಗ್ಲೆಂಡಿನಲ್ಲಿ ರೋಗಿ ಡಿಜ್ಜಿ ಅಂದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಕೋಣೆಯೇ ಗಿರಗಿರ ತಿರುಗಿದ ಹಾಗಾದರೆ ಅದು ಸ್ಪಿನ್ನಿಂಗ್. ಒಳಗಿವಿಯ ತೊಂದರೆ ಇರಬಹುದು. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬಿದ್ದೇ ಹೋಗುತ್ತೇನೆ ಅನ್ನಿಸಿದರೆ ಲೈಟ್‌ಹೆಡೆಡ್. ಆಗ ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು. ಕಾಲು ನೆಟ್ಟಗೆ ನಿಲ್ಲದೆ ತೂರಾಡಿದರೆ ಅನ್‌ಸ್ಟೆಡಿ. ಅವರನ್ನು ಒಬ್ಬರನ್ನೇ ಟಾಯ್ಲೆಟ್ಟಿಗೆ ಕಳಿಸುವ ಹಾಗಿಲ್ಲ. ಮೂರೂ ಒಂದೇ ಪುಟದಲ್ಲಿವೆ, ಆದರೆ ನಾನು ಮಾಡುವ ಕೆಲಸ ಮೂರು ಥರ. ಸಮಾನಾರ್ಥಕ ಪದ ಅಂತ ಬರೀ ಬರೆದಿಟ್ಟುಕೊಂಡಿದ್ದರೆ ಇದು ಸಿಗುತ್ತಿರಲಿಲ್ಲ.

ಆಮೇಲೆ ಪ್ರತಿ ಪುಟದ ನಡುವೆ ಒಂದು ಗೆರೆ ಎಳೆದೆ. ಒಇಟಿಯ ಬರೆಯುವ ಭಾಗದಲ್ಲಿ ರೆಫರಲ್ ಲೆಟರ್ (ರೋಗಿಯನ್ನು ಬೇರೆಯವರ ಬಳಿ ಕಳಿಸುವ ಪತ್ರ) ಥರದ್ದು ಬರೆಯಬೇಕು, ಅಲ್ಲಿ ವೈದ್ಯರ ಭಾಷೆ ನಡೆಯುತ್ತದೆ. ರೋಲ್‌ಪ್ಲೇಯಲ್ಲಿ ರೋಗಿಗೆ ಅದೇ ಭಾಷೆ ಬಳಸಿದರೆ ಅಂಕ ಹೋಗುತ್ತದೆ. ಹಾಗಾಗಿ ಗೆರೆಯ ಎಡಕ್ಕೆ ವಾಮಿಟೆಡ್, ಬಲಕ್ಕೆ ಬೀನ್ ಸಿಕ್. ಎಡಕ್ಕೆ ನಾಶಿಯಾ, ಬಲಕ್ಕೆ ಫೀಲಿಂಗ್ ಸಿಕ್. ನಮ್ಮಲ್ಲಿ ಸಿಕ್ ಅಂದರೆ ಹುಷಾರಿಲ್ಲ ಅಂತ ತಾನೇ? ಇಲ್ಲಿ ಅಜ್ಜಿಯೊಬ್ಬರು ಬೆಳಿಗ್ಗೆ ‘ಐ ಹ್ಯಾವ್ ಬೀನ್ ಸಿಕ್’ ಅಂದರೆ ಅವರು ವಾಂತಿ ಮಾಡಿಕೊಂಡಿದ್ದಾರೆ ಅಂತ. ಬೇಸಿನ್, ಟಿಶ್ಯೂ ಹಿಡಿದೇ ಹೋಗಬೇಕು. ಬರೀ ಹುಷಾರಿಲ್ಲ ಅನ್ನೋಕೆ ಪೂರ್ಲಿ ಅನ್ನುತ್ತಾರೆ. ಹೊಟ್ಟೆ ತೊಳಸಿದ ಹಾಗಾದರೆ ಕ್ವೀಸಿ. ಏನೂ ಬಾರದೆ ಸುಮ್ನೆ ಓಕರಿಸುತ್ತಿದ್ದರೆ ರೆಚಿಂಗ್. ಅದನ್ನು ಎರಡೂ ಕಡೆ ಬರೆದಿದ್ದೇನೆ, ಡಾಕ್ಟರೂ ಅದನ್ನೇ ಬಳಸುತ್ತಾರೆ.

ಪರೀಕ್ಷೆ ಮುಗಿದ ಮೇಲೂ ನೋಟ್‌ಬುಕ್ ನಿಂತಿಲ್ಲ. ಹೊಸ ಪದಗಳು ಪುಸ್ತಕಕ್ಕಿಂತ ಹ್ಯಾಂಡ್‌ಓವರ್ ಹೊತ್ತಿನಲ್ಲೇ, ಅಂದರೆ ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವಾಗಲೇ, ಜಾಸ್ತಿ ಸಿಗುತ್ತವೆ. ಕಿವಿಗೆ ಬಿದ್ದ ಪದವನ್ನು ಅಂಗೈ ಅಗಲದ ಚೀಟಿಯಲ್ಲಿ ಗೀಚಿಕೊಂಡು, ಮನೆಗೆ ಬಂದು ಯಾವ ಪುಟಕ್ಕೆ ಸೇರಬೇಕು ಅಂತ ನೋಡುತ್ತೇನೆ. ಈಗ ತುಂಬುತ್ತಿರುವುದು ಟಯರ್ಡ್ ಪುಟ. ಡ್ರೇನ್ಡ್, ವೋರ್ನ್ ಔಟ್, ಲೆಥಾರ್ಜಿಕ್ ಬಂದಿವೆ. ನ್ಯಾಕರ್ಡ್ ಕೂಡ ಇದೆ, ಆದರೆ ಅದು ಸ್ಟಾಫ್ ರೂಮಿನ ಪದ, ಮೇಟ್ರನ್ ಎದುರು ಬೇಡ. ಡ್ರೌಸಿ ಪದವನ್ನು ಮಾತ್ರ ಇಲ್ಲಿ ಸೇರಿಸಲಿಲ್ಲ. ಸುಸ್ತಾದವರು ಕರೆದರೆ ಸರಿಯಾಗಿ ಉತ್ತರ ಕೊಡುತ್ತಾರೆ. ಡ್ರೌಸಿ ಆದವರ ಎಚ್ಚರದ ಮಟ್ಟವನ್ನೇ ನೋಡಬೇಕಾಗುತ್ತದೆ, ಚಾರ್ಟಿನಲ್ಲಿ ಅದಕ್ಕೆ ಬೇರೆ ಸಾಲಿದೆ. ಅದನ್ನು ಕನ್‌ಫ್ಯೂಸ್ಡ್ ಇರುವ ಪುಟಕ್ಕೆ ಹಾಕಿದೆ.