ನಿಮ್ಮ ಕ್ಲಬ್‌ಗೆ ಯುರೋಪ್ ಟಿಕೆಟ್ ತಪ್ಪಿತಾ? ಯಾರು ಹೋಗ್ತಾರೆ, ಯಾರು ಬರ್ತಾರೆ ಅಂತ ಲೆಕ್ಕ ಹಾಕುವುದು ಹೀಗೆ

2025ರ ಮೇ 21ರ ರಾತ್ರಿ. ಸ್ಪೇನಿನ ಬಿಲ್ಬಾವೊದಲ್ಲಿ ಫುಟ್‌ಬಾಲ್‌ನ ಯುರೋಪಾ ಲೀಗ್ ಫೈನಲ್. ನಮ್ಮಲ್ಲಿ ಆಟ ಶುರುವಾದಾಗ ಹನ್ನೆರಡೂವರೆ ದಾಟಿತ್ತು. ಬ್ರೆನನ್ ಜಾನ್ಸನ್ ಹೊಡೆದ ಒಂದೇ ಒಂದು ಗೋಲಿನಿಂದ ಟಾಟನ್‌ಹ್ಯಾಮ್ ಗೆದ್ದಿತು, ಮ್ಯಾಂಚೆಸ್ಟರ್ ಯುನೈಟೆಡ್ ಸೋತಿತು. ಆ ಸೀಸನ್ ಮುಗಿದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ 15ನೇ ಸ್ಥಾನದಲ್ಲಿತ್ತು, ಟಾಟನ್‌ಹ್ಯಾಮ್ 17ನೇ ಸ್ಥಾನದಲ್ಲಿ. ಅಷ್ಟು ಕೆಳಗಿನ ಸ್ಥಾನದಿಂದ ಎರಡಕ್ಕೂ ಯುರೋಪಿಗೆ, ಅಂದರೆ ಯುರೋಪಿನ ಕ್ಲಬ್‌ಗಳ ಟೂರ್ನಿಗಳಿಗೆ, ಹೋಗೋಕೆ ಆ ಒಂದು ಪಂದ್ಯ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಗೆದ್ದವರು ಚಾಂಪಿಯನ್ಸ್ ಲೀಗ್‌ಗೆ ಹೋದರು, ಸೋತವರಿಗೆ ಮುಂದಿನ ವರ್ಷ ಯುರೋಪಿನ ಯಾವ ಟೂರ್ನಿಯೂ ಸಿಗಲಿಲ್ಲ.

ಮರುದಿನವೇ ನನ್ನ ಫೋನ್‌ನಲ್ಲಿ ಸ್ನೇಹಿತರ ಪ್ರಶ್ನೆಗಳು ಶುರುವಾದವು. ಇನ್ನು ಯಾರು ಬರ್ತಾರೆ ಯುನೈಟೆಡ್‌ಗೆ? ನಾಯಕ ಬ್ರೂನೊ ಫೆರ್ನಾಂಡಿಸ್ ಹೋಗಿಬಿಡ್ತಾರಾ? ಇಂಥ ಪ್ರಶ್ನೆಗಳಿಗೆ ಸುಮ್ನೆ ಊಹೆ ಮಾಡುವ ಬದಲು ಒಂದು ಕ್ರಮದಲ್ಲಿ ನೋಡಿದರೆ ತುಂಬಾ ಸಂಗತಿ ಗೊತ್ತಾಗುತ್ತದೆ. ನಾನು ವರ್ಷಗಳಿಂದ ಹೀಗೆ ನೋಡುತ್ತಿದ್ದೇನೆ. ನಿಮ್ಮ ಕ್ಲಬ್ ಯಾವುದೇ ಇರಲಿ, ಇದೇ ಲೆಕ್ಕ ನಡೆಯುತ್ತದೆ.

ಮೊದಲು: ತಪ್ಪಿದ್ದು ಯಾವ ಟಿಕೆಟ್?

ಯುರೋಪ್ ಅಂದರೆ ಒಂದೇ ಟೂರ್ನಿ ಅಲ್ಲ. ಮೇಲೆ ಚಾಂಪಿಯನ್ಸ್ ಲೀಗ್, ಅದರ ಕೆಳಗೆ ಯುರೋಪಾ ಲೀಗ್, ಅದರ ಕೆಳಗೆ ಕಾನ್ಫರೆನ್ಸ್ ಲೀಗ್. 2024-25ರಿಂದ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಕಾಲಿಟ್ಟ ಪ್ರತಿ ಕ್ಲಬ್‌ಗೆ ಈ ಟೂರ್ನಿಗಳನ್ನು ನಡೆಸುವ ಸಂಸ್ಥೆ ಯುಇಎಫ್‌ಎ 1.862 ಕೋಟಿ ಯುರೋ ಕೊಡುತ್ತದೆ. ಯುರೋಪಾ ಲೀಗ್‌ನಲ್ಲಿ ಅದೇ ಮೊತ್ತ 43.1 ಲಕ್ಷ ಯುರೋ. ಆಮೇಲೆ ಚಾಂಪಿಯನ್ಸ್ ಲೀಗ್‌ನಲ್ಲಿ ಒಂದು ಗೆಲುವಿಗೆ 21 ಲಕ್ಷ ಯುರೋ, ಡ್ರಾ ಆದರೂ 7 ಲಕ್ಷ. ಇದರ ಮೇಲೆ ಟಿವಿ ಪಾಲು, ಮನೆಯಂಗಳದಲ್ಲಿ ಆಡುವ ನಾಲ್ಕು ಪಂದ್ಯಗಳ ಟಿಕೆಟ್ ದುಡ್ಡು. ಹಾಗಾಗಿ ಚಾಂಪಿಯನ್ಸ್ ಲೀಗ್ ತಪ್ಪಿ ಯುರೋಪಾ ಸಿಕ್ಕರೆ ಒಂದು ಕಥೆ, ಏನೂ ಸಿಗದೇ ಹೋದರೆ ಇನ್ನೊಂದು ಕಥೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಎರಡನೆಯದು: ಕರಾರಿನೊಳಗಿನ ಷರತ್ತು ಹುಡುಕಿ

ಪ್ರಾಯೋಜಕರು ದಡ್ಡರಲ್ಲ. ಯುನೈಟೆಡ್ ಜೊತೆ ಅಡಿಡಾಸ್ ಮಾಡಿಕೊಂಡ ಹತ್ತು ವರ್ಷದ ಹೊಸ ಕರಾರಿನ ಕನಿಷ್ಠ ಮೊತ್ತ 90 ಕೋಟಿ ಪೌಂಡ್. ಅದರಲ್ಲೇ ಒಂದು ಷರತ್ತು ಇದೆ: ಚಾಂಪಿಯನ್ಸ್ ಲೀಗ್ ಆಡದ ಪ್ರತಿ ವರ್ಷಕ್ಕೂ 1 ಕೋಟಿ ಪೌಂಡ್ ಕಡಿತ. ನಮ್ಮ ದುಡ್ಡಲ್ಲಿ ನೂರು ಕೋಟಿ ರೂಪಾಯಿಗೂ ಜಾಸ್ತಿ. ಒಬ್ಬ ಒಳ್ಳೆ ಆಟಗಾರನ ಒಂದು ವರ್ಷದ ಸಂಬಳ ಅಲ್ಲೇ ಹೋಯಿತು, ಅಲ್ವಾ?

ಆಟಗಾರರ ಕರಾರಿನಲ್ಲೂ ಇಂಥದ್ದು ಇರುತ್ತದೆ. ಯುನೈಟೆಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಇಲ್ಲದ ವರ್ಷ ಹಲವರ ಸಂಬಳ ಕಾಲು ಭಾಗ ಇಳಿಯುತ್ತದೆ ಎಂದು ಹಿಂದಿನಿಂದಲೂ ವರದಿಯಾಗಿದೆ. ಕ್ಲಬ್‌ಗೆ ಇದು ಕೆಟ್ಟ ವರ್ಷದಲ್ಲಿ ಉಸಿರಾಡೋಕೆ ಜಾಗ ಕೊಡುತ್ತದೆ. ಆದರೆ ಆಟಗಾರನ ಕಡೆಯಿಂದ ಯೋಚಿಸಿ. ದೊಡ್ಡ ಪಂದ್ಯವೂ ಇಲ್ಲ, ಸಂಬಳವೂ ಕಡಿಮೆ. ಆಗ ಅವನ ಏಜೆಂಟ್ ಫೋನ್ ತೆಗೆಯದೇ ಇರುತ್ತಾನಾ?

ಇನ್ನೊಂದು ಬಗೆಯ ಷರತ್ತು ಎರವಲು ಕರಾರಿನಲ್ಲಿ ಸಿಗುತ್ತದೆ. 2025ರ ಬೇಸಿಗೆಯಲ್ಲಿ ರಾಸ್ಮುಸ್ ಹೊಯ್‌ಲುಂಡ್ ಯುನೈಟೆಡ್‌ನಿಂದ ಇಟಲಿಯ ನಾಪೊಲಿಗೆ ಎರವಲು ಹೋದರು. ನಾಪೊಲಿ ಮುಂದಿನ ವರ್ಷದ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಪಡೆದರೆ ಅವರನ್ನು ಪೂರ್ತಿ ಕೊಳ್ಳಲೇಬೇಕು ಎಂಬ ಷರತ್ತು ಆ ಕರಾರಿನಲ್ಲಿದೆ ಎಂದು ವರದಿಯಾಯಿತು. ತನಗೆ ಯುರೋಪ್ ತಪ್ಪಿದ ಕ್ಲಬ್ ಇನ್ನೊಂದು ದೇಶದ ಕ್ಲಬ್‌ಗೆ ಯುರೋಪ್ ಸಿಗಲಿ ಎಂದು ಕಾಯುತ್ತಾ ಕೂರಬೇಕಾಯಿತು. ಇಂಥ ಸಾಲುಗಳು ಸುದ್ದಿಯಲ್ಲಿ ಕಣ್ಣಿಗೆ ಬಿದ್ದರೆ ಬರೆದಿಟ್ಟುಕೊಳ್ಳಿ.

ಮೂರನೆಯದು: ಬರುವವರಿಗಿಂತ ಮೊದಲು ಇರುವವರನ್ನು ನೋಡಿ

ಇದೇ ನನ್ನ ಮುಖ್ಯ ಮಾತು. ಎಲ್ಲರೂ ಹೊಸ ಆಟಗಾರರ ಹೆಸರು ಹುಡುಕುತ್ತಿರುತ್ತಾರೆ. ಹೊರಗಿನವನಿಗೆ ದುಡ್ಡು ತೋರಿಸಬಹುದು, ಮುಂದೆ ಹೀಗೆ ಮಾಡ್ತೀವಿ ಅಂತ ಹೇಳಿ ಒಪ್ಪಿಸಬಹುದು. ಒಳಗಿರುವವನಿಗೆ ಕ್ಲಬ್‌ನ ಸ್ಥಿತಿ ದಿನಾ ಕಾಣುತ್ತಿರುತ್ತದೆ. ಅವನು ಉಳಿದರೆ ಅದಕ್ಕೆ ಬೆಲೆ ಜಾಸ್ತಿ.

ಹಾಗಾಗಿ ಒಂದು ಕಾಗದ ತೆಗೆದುಕೊಂಡು ನಿಮ್ಮ ತಂಡದ ಐದಾರು ಮುಖ್ಯ ಆಟಗಾರರ ಹೆಸರು ಬರೆಯಿರಿ. ಪ್ರತಿಯೊಬ್ಬರ ಮುಂದೆ ವಯಸ್ಸು, ಕರಾರು ಮುಗಿಯುವ ವರ್ಷ ಬರೆಯಿರಿ. ಕರಾರಿನಲ್ಲಿ ಒಂದೇ ವರ್ಷ ಉಳಿದಿದ್ದರೆ ಕೆಂಪು ಗುರುತು ಹಾಕಿ.

ಹ್ಯಾರಿ ಕೇನ್ ಪ್ರಕರಣ ನೋಡಿ. 2022-23ರಲ್ಲಿ ಟಾಟನ್‌ಹ್ಯಾಮ್ 8ನೇ ಸ್ಥಾನಕ್ಕೆ ಇಳಿಯಿತು, ಯುರೋಪ್ ಪೂರ್ತಿ ತಪ್ಪಿತು. ಕೇನ್ ಆ ಕ್ಲಬ್‌ನಲ್ಲೇ ಬೆಳೆದವರು, 280 ಗೋಲು ಹೊಡೆದವರು. ಅವರ ಕರಾರಿನಲ್ಲಿ ಉಳಿದಿದ್ದು ಒಂದೇ ವರ್ಷ. ಮಾರದೇ ಇಟ್ಟುಕೊಂಡರೆ 2024ರಲ್ಲಿ ಬಿಡಿಗಾಸೂ ಸಿಗದೆ ಹೋಗಿಬಿಡಬಹುದಿತ್ತು. 2023ರ ಆಗಸ್ಟ್‌ನಲ್ಲಿ ಅವರು ಜರ್ಮನಿಯ ಬಯರ್ನ್ ಮ್ಯೂನಿಕ್ ಸೇರಿದರು. ಯುರೋಪ್ ತಪ್ಪಿದ್ದು, ಕರಾರು ಮುಗಿಯುತ್ತಾ ಬಂದದ್ದು, ಎರಡೂ ಒಂದೇ ಬೇಸಿಗೆಯಲ್ಲಿ ಬಂದು ನಿಂತರೆ ಕ್ಲಬ್‌ನ ಕೈಯಲ್ಲಿ ಏನೂ ಉಳಿಯಲ್ಲ.

ಕರಾರು ಉದ್ದ ಇದ್ದರೆ ಕ್ಲಬ್ ಬಲ ಹಾಕಬಹುದು. 2012-13ರಲ್ಲಿ ಲಿವರ್‌ಪೂಲ್ 7ನೇ ಸ್ಥಾನ, ಯುರೋಪ್ ಇಲ್ಲ. ಲೂಯಿಸ್ ಸುವಾರೆಸ್ ಚಾಂಪಿಯನ್ಸ್ ಲೀಗ್ ಆಡಬೇಕು ಎಂದು ಹಟ ಹಿಡಿದರು. ಆರ್ಸೆನಲ್ 4 ಕೋಟಿ ಪೌಂಡ್‌ಗೆ ಮೇಲೊಂದು ಪೌಂಡ್ ಸೇರಿಸಿ ಕೇಳಿತು. ಲಿವರ್‌ಪೂಲ್ ಕೊಡಲಿಲ್ಲ. ನಾಯಕ ಸ್ಟೀವನ್ ಜೆರಾರ್ಡ್ ಕೂತು ಮಾತಾಡಿದರು, ಸುವಾರೆಸ್ ಉಳಿದರು. ಹಿಂದಿನ ಸೀಸನ್‌ನ ನಿಷೇಧದಿಂದ ಮೊದಲ ಐದು ಲೀಗ್ ಪಂದ್ಯ ತಪ್ಪಿಸಿಕೊಂಡೂ 31 ಗೋಲು ಹೊಡೆದರು. ತಂಡ ಎರಡನೇ ಸ್ಥಾನ ಪಡೆದು ಚಾಂಪಿಯನ್ಸ್ ಲೀಗ್‌ಗೆ ಮರಳಿತು. ಆದರೂ ಮುಂದಿನ ಬೇಸಿಗೆಯಲ್ಲಿ ಅವರು ಬಾರ್ಸಿಲೋನಾಕ್ಕೆ ಹೋದರು. ಒಮ್ಮೆ ಹೊರಗೆ ನೋಡಿದ ಮನಸ್ಸನ್ನು ಒಂದು ವರ್ಷ ಹಿಡಿದಿಡಬಹುದು, ಅಷ್ಟೇ. ಆದರೆ ಆ ಒಂದು ವರ್ಷದಿಂದ ಲಿವರ್‌ಪೂಲ್‌ಗೆ ಏನೆಲ್ಲ ಸಿಕ್ಕಿತು ನೋಡಿ! ಅವತ್ತು ಮಾರಿದ್ದರೆ ಅದ್ಯಾವುದೂ ಇರುತ್ತಿರಲಿಲ್ಲ.

ಇನ್ನು ಲೀಡ್ಸ್ ಯುನೈಟೆಡ್. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 2001ರಲ್ಲಿ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ತಂಡ ಅದು. ಅದೇ ಸೀಸನ್‌ನ ಲೀಗ್‌ನಲ್ಲಿ 4ನೇ ಸ್ಥಾನ. ಆಗ ಇಂಗ್ಲೆಂಡಿನಿಂದ ಮೂರೇ ತಂಡಕ್ಕೆ ಅವಕಾಶ, ಮೂರನೇ ಸ್ಥಾನದ ಲಿವರ್‌ಪೂಲ್‌ಗಿಂತ ಒಂದೇ ಒಂದು ಅಂಕ ಕಡಿಮೆ. ಕ್ಲಬ್ ಮಾತ್ರ ಚಾಂಪಿಯನ್ಸ್ ಲೀಗ್ ದುಡ್ಡು ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ಸಾಲ ಮಾಡಿಕೊಂಡಿತ್ತು. ಮುಂದಿನ ವರ್ಷವೂ ಸಿಗಲಿಲ್ಲ, 5ನೇ ಸ್ಥಾನ. ಆಗ ಮಾರಾಟ ಶುರುವಾಯಿತು. 2002ರ ಜುಲೈನಲ್ಲಿ ರಿಯೊ ಫರ್ಡಿನಾಂಡ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ, ಆಮೇಲೆ ರಾಬಿ ಕೀನ್ ಟಾಟನ್‌ಹ್ಯಾಮ್‌ಗೆ, 2003ರ ಜನವರಿಯಲ್ಲಿ ಜೊನಾಥನ್ ವುಡ್‌ಗೇಟ್ ನ್ಯೂಕ್ಯಾಸಲ್‌ಗೆ, ಅದೇ ವರ್ಷ ಹ್ಯಾರಿ ಕ್ಯೂವೆಲ್ ಲಿವರ್‌ಪೂಲ್‌ಗೆ. ಒಬ್ಬ ಹೋದಾಗ ಉಳಿದವರು ಬಾಗಿಲ ಕಡೆ ನೋಡೋಕೆ ಶುರು ಮಾಡುತ್ತಾರೆ, ಕೊಳ್ಳುವವರಿಗೂ ಈ ಕ್ಲಬ್‌ಗೆ ದುಡ್ಡಿನ ಅವಸರ ಇದೆ ಅಂತ ಗೊತ್ತಾಗಿ ಬೆಲೆ ಇಳಿಸುತ್ತಾರೆ, ಬೆಲೆ ಇಳಿದಷ್ಟೂ ಇನ್ನೊಬ್ಬನನ್ನು ಮಾರಬೇಕಾಗುತ್ತದೆ. 2004ರಲ್ಲಿ ಲೀಡ್ಸ್ ಕೆಳಗಿನ ದರ್ಜೆಗೆ ಬಿತ್ತು. ಮತ್ತೆ ಪ್ರೀಮಿಯರ್ ಲೀಗ್‌ಗೆ ಬರಲು 2020 ಆಗಬೇಕಾಯಿತು.

ನಿಮ್ಮ ಕ್ಲಬ್ ಒಬ್ಬ ದೊಡ್ಡ ಆಟಗಾರನನ್ನು ಮಾರಿದರೆ ಗಾಬರಿ ಬೇಡ. ಎರಡನೆಯವನೂ ಮೂರನೆಯವನೂ ಆರು ತಿಂಗಳೊಳಗೆ ಹೊರಟರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ನಾಲ್ಕನೆಯದು: ಹೊಸಬರ ಮುಂದೆ ಕ್ಲಬ್ ಏನನ್ನು ಇಡುತ್ತಿದೆ?

ಚಾಂಪಿಯನ್ಸ್ ಲೀಗ್ ಇಲ್ಲದಿದ್ದರೆ ಒಳ್ಳೆಯವರು ಯಾರೂ ಬರಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. 2025ರಲ್ಲಿ ಲಿಯಾಮ್ ಡೆಲ್ಯಾಪ್ ಬಗ್ಗೆ ಯುನೈಟೆಡ್‌ಗೂ ಆಸೆ ಇತ್ತು, ಅವರು ಚಾಂಪಿಯನ್ಸ್ ಲೀಗ್ ಇದ್ದ ಚೆಲ್ಸಿಗೆ ಹೋದರು. ಇಲ್ಲಿಗೆ ಮಾತು ನಿಜ. ಆದರೆ ಅದೇ ಬೇಸಿಗೆಯಲ್ಲಿ ಬೆಂಜಮಿನ್ ಶೆಶ್ಕೊ ಮುಂದೆ ನ್ಯೂಕ್ಯಾಸಲ್ ಕೂಡ ಇತ್ತು, ಆ ಕ್ಲಬ್‌ಗೆ ಚಾಂಪಿಯನ್ಸ್ ಲೀಗ್ ಇತ್ತು, ಆದರೂ ಶೆಶ್ಕೊ ಆರಿಸಿದ್ದು ಯುನೈಟೆಡ್ಡನ್ನೇ. ಬ್ರಯಾನ್ ಎಂಬ್ಯೂಮೊ ಅವರಿಗೆ ಬ್ರೆಂಟ್‌ಫರ್ಡ್‌ನಲ್ಲಿ ಕೋಚ್ ಆಗಿದ್ದ ಥಾಮಸ್ ಫ್ರಾಂಕ್ ಟಾಟನ್‌ಹ್ಯಾಮ್ ಸೇರಿದ್ದರು, ಅಲ್ಲೂ ಚಾಂಪಿಯನ್ಸ್ ಲೀಗ್ ಇತ್ತು. ಎಂಬ್ಯೂಮೊ ಚಿಕ್ಕಂದಿನಲ್ಲಿ ತಾನು ಹಾಕಿಕೊಳ್ಳುತ್ತಿದ್ದ ಅಂಗಿಯ ಕ್ಲಬ್, ಯುನೈಟೆಡ್‌ಗೇ ಬಂದರು.

ಇನ್ನೂ ಗಟ್ಟಿ ಉದಾಹರಣೆ ಬೇಕಾ? 2016ರಲ್ಲಿ ಲೀಸ್ಟರ್ ಇಂಗ್ಲೆಂಡಿನ ಚಾಂಪಿಯನ್, ಚಾಂಪಿಯನ್ಸ್ ಲೀಗ್ ಆಡಲು ಹೊರಟಿತ್ತು. ಚೆಲ್ಸಿ 10ನೇ ಸ್ಥಾನದಲ್ಲಿ ಮುಗಿಸಿ ಯುರೋಪಿನ ಹೊರಗಿತ್ತು. ಎಂಗೊಲೊ ಕಾಂಟೆ ಲೀಸ್ಟರ್ ಬಿಟ್ಟು ಚೆಲ್ಸಿಗೆ ಬಂದರು. 2023ರಲ್ಲಿ ಮತ್ತೆ ಅದೇ ಚೆಲ್ಸಿ, ಈ ಸಲ 12ನೇ ಸ್ಥಾನ. ಲಿವರ್‌ಪೂಲ್‌ಗೆ ಯುರೋಪಾ ಲೀಗ್ ಇತ್ತು, ಮೊಯ್ಸೆಸ್ ಕೈಸೆಡೊಗಾಗಿ ಬ್ರೈಟನ್ ಜೊತೆ ಬೆಲೆಯೂ ಕುದುರಿತ್ತು. ಕೈಸೆಡೊ ಒಪ್ಪಲಿಲ್ಲ, ಎಂಟು ವರ್ಷದ ಕರಾರಿಗೆ ಚೆಲ್ಸಿಯಲ್ಲಿ ಸಹಿ ಹಾಕಿದರು.

ಅಂದರೆ ಆಟಗಾರ ಇನ್ನೂ ಕೆಲವು ಲೆಕ್ಕ ಹಾಕುತ್ತಾನೆ. ಮೊದಲ ಹನ್ನೊಂದರಲ್ಲಿ ಜಾಗ ಖಾತ್ರಿಯಾ? ಸಂಬಳ ಎಷ್ಟು, ಎಷ್ಟು ವರ್ಷಕ್ಕೆ? ಕೋಚ್ ಯಾರು? ಈ ಕ್ಲಬ್ ಸಾಮಾನ್ಯವಾಗಿ ಮೇಲೆ ಇರುವಂಥದ್ದಾ, ಒಂದು ವರ್ಷ ಜಾರಿದ್ದಾ? ಹೆಸರಿರುವ ಕ್ಲಬ್ ಇವುಗಳಿಂದ ಯುರೋಪಿನ ಕೊರತೆ ತುಂಬಿಕೊಳ್ಳಬಹುದು. ಸಣ್ಣ ಕ್ಲಬ್‌ಗೆ ಅದು ಕಷ್ಟ. ದೊಡ್ಡ ಕ್ಲಬ್ ಕೂಡ ಅದಕ್ಕೆ ಹೆಚ್ಚು ದುಡ್ಡು ತೆರಬೇಕಾಗುತ್ತದೆ ಅನ್ನೋದು ನನ್ನ ಅಭಿಪ್ರಾಯ. 2025ರ ಬೇಸಿಗೆಯಲ್ಲಿ ಬಂದ ಮತೇಯುಸ್ ಕುನ್ಯಾ, ಎಂಬ್ಯೂಮೊ, ಶೆಶ್ಕೊ, ಮೂವರಿಗೆ ಯುನೈಟೆಡ್ ಒಪ್ಪಿಕೊಂಡ ಮೊತ್ತ ಒಟ್ಟು 20 ಕೋಟಿ ಪೌಂಡ್ ಆಸುಪಾಸು.

ಐದನೆಯದು: ಪಂದ್ಯ ಕಡಿಮೆಯಾದರೆ ಬೆಂಚ್ ಮೇಲಿರುವವರ ಗತಿ

ಇದನ್ನು ಬಹಳ ಜನ ಮರೆಯುತ್ತಾರೆ. ಯುರೋಪ್ ಇಲ್ಲ ಅಂದರೆ ವಾರದ ನಡುವಿನ ಪಂದ್ಯಗಳೇ ಹೋದವು. ತರಬೇತಿಗೆ ಸಮಯ ಸಿಗುತ್ತದೆ, ಸುಸ್ತು ಕಡಿಮೆ. 2016-17ರ ಚೆಲ್ಸಿ ಇದರ ಲಾಭ ಚೆನ್ನಾಗಿ ಪಡೆಯಿತು. ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಎದುರು 3-0 ಸೋತ ಮೇಲೆ ಕೋಚ್ ಆಂಟೊನಿಯೊ ಕಾಂಟೆ ರಕ್ಷಣೆಯಲ್ಲಿ ಮೂವರನ್ನು ಇಡುವ ಆಟಕ್ಕೆ ಬದಲಾದರು, ಲೀಗ್‌ನಲ್ಲಿ ಸತತ 13 ಪಂದ್ಯ ಗೆದ್ದರು, 93 ಅಂಕದೊಂದಿಗೆ ಚಾಂಪಿಯನ್ ಆದರು. ವಾರವಿಡೀ ಮೈದಾನದಲ್ಲಿ ಹೊಸ ಆಟ ತಿದ್ದಲು ಸಮಯ ಇದ್ದದ್ದು ಅವರಿಗೆ ತುಂಬಾ ನೆರವಾಯಿತು.

ಆದರೆ ಬೆಂಚ್ ಮೇಲಿನ ಹುಡುಗನಿಗೆ ಆಡಲು ಪಂದ್ಯವೇ ಸಿಗಲ್ಲ. 2025ರ ಆಗಸ್ಟ್‌ನಲ್ಲಿ ಯುನೈಟೆಡ್ ಲೀಗ್ ಕಪ್‌ನಲ್ಲಿ ನಾಲ್ಕನೇ ದರ್ಜೆಯ ಗ್ರಿಮ್ಸ್‌ಬಿ ಎದುರು ಪೆನಾಲ್ಟಿಯಲ್ಲಿ ಸೋತು ಹೊರಬಿತ್ತು. ಇದ್ದ ಕೆಲವು ಪಂದ್ಯವೂ ಹೋಯಿತು. ಅದೇ ದಿನಗಳಲ್ಲಿ ಕೋಬಿ ಮೈನು ತನ್ನನ್ನು ಎರವಲಿಗೆ ಕಳಿಸಿ ಎಂದು ಕೇಳಿದರು, ಕ್ಲಬ್ ಒಪ್ಪಲಿಲ್ಲ. ಕ್ಲಬ್‌ನಲ್ಲೇ ಬೆಳೆದ, 2024ರ ಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು ಹೊಡೆದ ಹುಡುಗ ಹೀಗೆ ಕೇಳಬೇಕಾಯಿತಲ್ಲ ಅನ್ನೋದು ನನಗೆ ನೋವಿನ ಸಂಗತಿ.

ಹಾಗಾಗಿ ಇಂಥ ವರ್ಷದಲ್ಲಿ ಕ್ಲಬ್ ತಂಡವನ್ನು ಚಿಕ್ಕದು ಮಾಡಬೇಕು. 2021ರ ಆರ್ಸೆನಲ್ ಮಾಡಿದ್ದು ನನಗೆ ಎಲ್ಲಕ್ಕಿಂತ ಇಷ್ಟ. 8ನೇ ಸ್ಥಾನ, 25 ವರ್ಷದಲ್ಲಿ ಮೊದಲ ಸಲ ಯುರೋಪ್ ಇಲ್ಲ. ಡೇವಿಡ್ ಲೂಯಿಜ್, ವಿಲಿಯನ್ ಅಂಥ ವಯಸ್ಸಾದವರು ಹೊರಟರು. ಬಂದ ಆರು ಜನರಲ್ಲಿ ಒಬ್ಬರಿಗೂ 23 ದಾಟಿರಲಿಲ್ಲ: ಬೆನ್ ವೈಟ್, ಮಾರ್ಟಿನ್ ಓಡೆಗಾರ್ಡ್, ಆರನ್ ರಾಮ್ಸ್‌ಡೇಲ್, ತೊಮಿಯಾಸು, ಲೊಕೊಂಗ, ನುನೊ ತವಾರೆಸ್. ಸೀಸನ್‌ನ ಮೊದಲ ಮೂರೂ ಲೀಗ್ ಪಂದ್ಯ ಸೋತಾಗ ಎಲ್ಲರೂ ಕೋಚ್ ಮಿಕೆಲ್ ಆರ್ಟೆಟಾ ಅವರನ್ನು ಬೈದರು. ಆ ವರ್ಷ 5ನೇ ಸ್ಥಾನ, ಮುಂದಿನ ವರ್ಷ 2ನೇ ಸ್ಥಾನ. ಬುಕಾಯೊ ಸಾಕಾ 2023ರಲ್ಲಿ ಹೊಸ ಕರಾರಿಗೆ ಸಹಿ ಹಾಕಿದರು.

ಕೊನೆಗೆ: ಎರಡನೇ ಬೇಸಿಗೆಗೆ ದಿನಾಂಕ ಹಾಕಿಡಿ

ಒಂದು ವರ್ಷ ತಪ್ಪಿದರೆ ಆಟಗಾರರು ಸಹಿಸುತ್ತಾರೆ. 2025ರ ಬೇಸಿಗೆಯಲ್ಲಿ ಸೌದಿ ಅರೇಬಿಯಾದ ಅಲ್-ಹಿಲಾಲ್ ದೊಡ್ಡ ಮೊತ್ತ ಮುಂದಿಟ್ಟರೂ ಬ್ರೂನೊ ಫೆರ್ನಾಂಡಿಸ್ ಒಲ್ಲೆ ಎಂದರು. ಆಗ ಅವರಿಗೆ 30 ದಾಟಿತ್ತು. ಆ ವಯಸ್ಸಿನವರಿಗೆ ಒಂದು ಸೀಸನ್ ಕಾಯುವುದೇ ದೊಡ್ಡ ವಿಷಯ, ಇನ್ನೊಂದು ಕಾಯಿ ಅನ್ನೋಕೆ ಕ್ಲಬ್‌ಗೆ ಬಾಯಿ ಬರಲ್ಲ. ಆದ್ದರಿಂದ ನಿಮ್ಮ ಕಾಗದವನ್ನು ಎಸೆಯಬೇಡಿ. ಮಾರ್ಚ್ ಹೊತ್ತಿಗೆ ಮತ್ತೆ ತೆಗೆದು ಅಂಕಪಟ್ಟಿಯ ಪಕ್ಕ ಇಡಿ. ಯುರೋಪ್ ಮತ್ತೆ ದೂರ ಕಂಡರೆ, ಕೆಂಪು ಗುರುತಿನ ಹೆಸರುಗಳ ಜೊತೆ ಕ್ಲಬ್ ಹೊಸ ಕರಾರಿನ ಮಾತು ಶುರು ಮಾಡಿದೆಯಾ ಎಂದು ಹುಡುಕಿ. ಮೇ ತಿಂಗಳವರೆಗೆ ಕಾದರೆ ಅಷ್ಟರಲ್ಲಿ ಏಜೆಂಟ್ ಬೇರೆ ಕಡೆ ಮಾತು ಮುಗಿಸಿರುತ್ತಾನೆ.